ಮನೆತನದ ಬಿಪಿ ಪಟ್ಟಿ ಬರೆಯುವುದು ಹೇಗೆ

ನಮ್ಮ ತವರಿನವರದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ದೊಡ್ಡಪ್ಪನಿಗೆ ಲಕ್ವ ಹೊಡೆದಾಗ 52 ವರ್ಷ. ಅಪ್ಪನಿಗೆ 55ಕ್ಕೆ. ಭಟ್ಟಿ ಬೆಂಕಿ ಮುಂದೆ ನಿಂತು ನಿಂತು ಹೀಗಾಯ್ತು ಅಂತ ಎಲ್ಲರೂ ಅಂದರು. ನಾನು ಭಟ್ಟಿ ಕೆಲಸಕ್ಕೆ ಹೋದವಳೇ ಅಲ್ಲ. ನನಗೂ 34ಕ್ಕೆ ಬಿಪಿ 152/96 ಬಂತು. ಡಾಕ್ಟರು ಮೊದಲು ಕೇಳಿದ್ದು, "ಮನೇಲಿ ಯಾರ್ಯಾರಿಗಿದೆ? ಎಷ್ಟನೇ ವಯಸ್ಸಿಗೆ ಬಂತು?" ನನಗೆ ಹೇಳೋಕಾಗಲಿಲ್ಲ. ಆ ಸಂಜೆಯೇ ಪಟ್ಟಿ ಬರೆಯೋಕೆ ಕೂತೆ.

ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೇಲೆ ಎರಡೂ ಕಡೆಯ ಅಜ್ಜ-ಅಜ್ಜಿ, ಕೆಳಗೆ ಅವರ ಮಕ್ಕಳು, ಆಮೇಲೆ ನೀವು, ನಿಮ್ಮ ಒಡಹುಟ್ಟಿದವರು, ಮಕ್ಕಳು. ರಕ್ತಸಂಬಂಧದವರು ಮಾತ್ರ. ಅತ್ತಿಗೆಯ ಪಟ್ಟಿ ಅವರ ತವರಿನದು. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟಿದ್ದರೆ ಅದನ್ನೂ ಗುರುತು ಮಾಡಿ. ಪ್ರತಿ ಹೆಸರಿನ ಪಕ್ಕ ಬಿಪಿ ಮೊದಲು ಗೊತ್ತಾದ ವಯಸ್ಸು, ಈಗಿನ ಗುಳಿಗೆ, ಲಕ್ವ, ಹೃದಯ ಅಥವಾ ಕಿಡ್ನಿ ತೊಂದರೆ ಬರೆಯಿರಿ.

ಬರೀ ಬಾಯಿಮಾತು ನಂಬಬೇಡಿ. ನಮ್ಮ ಸೋದರತ್ತೆ "ನಂಗೆಲ್ಲೈತವ್ವಾ ಬಿಪಿ, ಚೆನ್ನಾಗೇ ಅದೀನಿ" ಅಂದರು. ಎಲೆ-ಅಡಿಕೆ ಡಬ್ಬಿ ತೆಗೆದರೆ ಸುಣ್ಣದ ಪಕ್ಕದಲ್ಲೇ ಅರ್ಧ ಖಾಲಿಯಾದ ಅಮ್ಲೋಡಿಪಿನ್, ಅಂದರೆ ಬಿಪಿ ಗುಳಿಗೆ! "ಅದು ತಲೆ ತಿರುಗೋದಕ್ಕೆ" ಅಂದರು. ಹಾಗಾಗಿ ಗುಳಿಗೆ ತೋರಿಸಿ ಅಂತಲೇ ಕೇಳಿ.

ಈಗ ಪಟ್ಟಿ ಓದುವುದು. ಬಹಳ ಮನೆಗಳಲ್ಲಿ ಬಿಪಿ ಯಾವುದೋ ಒಂದು ಜೀನ್‌ನಿಂದ ಬರುವುದಿಲ್ಲ. ನಮ್ಮ ಡಿಎನ್‌ಎಯಲ್ಲಿ ಬಿಪಿಗೆ ಸಂಬಂಧಪಟ್ಟ ಸಾವಿರಕ್ಕೂ ಹೆಚ್ಚು ಜಾಗಗಳು ಸಿಕ್ಕಿವೆ. ಸಾಮಾನ್ಯವಾಗಿ ಒಂದೊಂದರ ಪ್ರಭಾವ ಬಿಪಿ ಅಳತೆಯಲ್ಲಿ 1 ಮಿ.ಮೀ. ಆಚೀಚೆ, ಎಷ್ಟೋ ಸಲ ಅದಕ್ಕೂ ಕಡಿಮೆ. ಮಂಡಕ್ಕಿಯ ಒಂದು ಕಾಳಿಗೆ ತೂಕವೇ ಇಲ್ಲ, ಚೀಲ ತುಂಬಿದರೆ ಇದೆ ಅಲ್ವಾ, ಹಾಗೆ. ಜನರ ನಡುವಿನ ಬಿಪಿ ವ್ಯತ್ಯಾಸದಲ್ಲಿ ಸುಮಾರು 30ರಿಂದ 50 ಶೇಕಡಾ ವಂಶದ ಪಾಲು. ಉಳಿದದ್ದು ಊಟ, ತೂಕ, ನಿದ್ದೆ, ಕುಡಿತ, ವಯಸ್ಸು ಇಂಥವು. ಇಂಥ ಮನೆಯವರು ದುಡ್ಡು ಕೊಟ್ಟು ಜೀನ್ ಪರೀಕ್ಷೆ ಮಾಡಿಸಬೇಕಿಲ್ಲ.

ಅಪರೂಪಕ್ಕೆ ಒಂದೇ ಜೀನ್ ಸಾಕಾಗುತ್ತದೆ. ಕಿಡ್ನಿಯಲ್ಲಿ ಉಪ್ಪನ್ನು ರಕ್ತಕ್ಕೆ ವಾಪಸ್ ಎಳೆದುಕೊಳ್ಳುವ ಸಣ್ಣ ಬಾಗಿಲುಗಳಿವೆ. 1963ರಲ್ಲಿ ಅಮೆರಿಕದ ಡಾಕ್ಟರ್ ಗ್ರಾಂಟ್ ಲಿಡಲ್ ಮತ್ತು ಜೊತೆಗಾರರು ವಿವರಿಸಿದ ಲಿಡಲ್ ಸಿಂಡ್ರೋಮ್ ಎಂಬ ಕಾಯಿಲೆಯಲ್ಲಿ ಈ ಬಾಗಿಲುಗಳು ಬೇಕಾದ್ದಕ್ಕಿಂತ ಜಾಸ್ತಿ ತೆರೆದಿರುತ್ತವೆ. ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಮ್ ಹೋಗುತ್ತದೆ, ಚಿಕ್ಕ ವಯಸ್ಸಿಗೇ ಬಿಪಿ ಏರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇವರಿಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಗುಳಿಗೆ ಕೆಲಸ ಮಾಡುವುದಿಲ್ಲ, ಅಮಿಲೊರೈಡ್ ಎಂಬ ಗುಳಿಗೆ ಮಾಡುತ್ತದೆ. ಸರಿಯಾದ ಗುಳಿಗೆ ಸಿಗೋದು ಹೀಗೆ ಕಾರಣ ಗೊತ್ತಾದಾಗಲೇ. ನಿಮ್ಮ ಪಟ್ಟಿಯಲ್ಲಿ 30ರೊಳಗೇ ಬಿಪಿ ಬಂದವರು, ಪೊಟ್ಯಾಸಿಯಮ್ ಕಡಿಮೆ ಇರುವವರು, ಮೂರು ಗುಳಿಗೆಗೂ ಬಗ್ಗದವರು ಕಂಡರೆ ಅದರ ಸುತ್ತ ಕೆಂಪು ಗೆರೆ ಹಾಕಿ ಡಾಕ್ಟರಿಗೆ ತೋರಿಸಿ. ನನ್ನ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲ.

ಮುಂದೆ, ಪಟ್ಟಿಯಲ್ಲಿರುವ 18 ದಾಟಿದ ಎಲ್ಲರಿಗೂ ಬಿಪಿ ನೋಡಿಸಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ನೆ ಕೂರಬೇಕು. ಬಿಪಿ ಯಂತ್ರದ ಬಟ್ಟೆ ಪಟ್ಟಿ ಬರಿ ತೋಳಿಗೆ, ಎದೆಯ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಮನೆಯಲ್ಲಿ ಕೆಲವು ದಿನದ ಸರಾಸರಿ 135/85 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗಿ.

ಉಪ್ಪಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ, ಎಲ್ಲಾ ಸೇರಿ. ಮಂಡಕ್ಕಿ ಹುರಿಯುವಾಗಲೇ ಅಕ್ಕಿಗೆ ಉಪ್ಪು ಬಿದ್ದಿರುತ್ತದೆ, ಅದರ ಮೇಲೆ ಖಾರಕ್ಕೆ ಉಪ್ಪು, ಜೊತೆಗೆ ಮಿರ್ಚಿ. ನಮ್ಮ ಮನೆಯಲ್ಲಿ ಈಗ ಈರುಳ್ಳಿ, ಟೊಮೆಟೊ, ನಿಂಬೆಹುಳಿ ಮಾತ್ರ. ಗುಳಿಗೆಯನ್ನು ಮಾತ್ರ ನಾವಾಗೇ ಬಿಡುವುದಿಲ್ಲ.

ನನ್ನ ಪಟ್ಟಿಯಲ್ಲಿ 23 ಹೆಸರು, ಒಂಬತ್ತು ಜನಕ್ಕೆ ಬಿಪಿ. ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹುಬ್ಬಳ್ಳಿಗೆ ಕೊಟ್ಟ ತಂಗಿಗೆ ಒಂದು ಜೆರಾಕ್ಸ್ ಕಳಿಸಿದೆ. ಅವಳ ಮಗನಿಗೆ ಈಗ 19, ಅವನ ಹೆಸರಿನ ಪಕ್ಕ 118/76 ಅಂತ ಅವಳೇ ಬರೆದಳು.