ಹರಣಿಯ ಹಟ

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ ನಮ್ಮದು. ಮನೆಮಾತು ಕನ್ನಡ, ಬಜಾರದ ಮಾತು ಮರಾಠಿ, ಕುದುರೆ ವ್ಯಾಪಾರಕ್ಕೆ ಕುಳಿತರೆ ಅರ್ಧ ಹಿಂದಿ. ಲಗ್ನದ ಮೆರವಣಿಗೆಗೆ ಕುದುರೆ ಬಿಡುವುದು ನನ್ನ ಉದ್ಯೋಗ. ಹರಣಿಯನ್ನು ದೀಪಾವಳಿ ಹೊತ್ತಿನ ಅಕಲೂಜ ಬಜಾರದಲ್ಲಿ ಕೊಂಡೆ. ಬಿಳಿಯ ನುಕ್ರಾ ಹೆಣ್ಣುಗುದುರೆ, ಆಗ ಆರು ವರ್ಷದವಳು. ಮೊದಲ ಸೀಜನ್ನಿನಲ್ಲಿ ಹಲಗಿ ಬಡಿತಕ್ಕೆ ಅವಳು ಹೆಜ್ಜೆ ಹಾಕಿದರೆ ಮದುಮಗನನ್ನು ಬಿಟ್ಟು ಅವಳ ಫೋಟೋ ತೆಗೆಯುತ್ತಿದ್ದರು.

ಎರಡನೇ ವರ್ಷ ತಿರುಗಿಬಿದ್ದಳು. ಕಡಿವಾಣ ಕಂಡರೆ ತಲೆ ಆಕಾಶಕ್ಕೆ. ತಂಗ, ಅಂದರೆ ಜೀನು ನಿಲ್ಲಿಸಲು ಹೊಟ್ಟೆಗೆ ಕಟ್ಟುವ ಪಟ್ಟಿ, ಬಿಗಿಯಲು ಹೋದರೆ ಹೊರಳಿ ಕಚ್ಚುವುದು. ಎಡಕ್ಕೆ ಲಗಾಮು ಎಳೆದರೆ ಮುಂಗಾಲೆತ್ತಿ ನಿಲ್ಲುವುದು. ಒಂದು ವರಾತದಲ್ಲಿ ಮದುಮಗ ಜೀನಿನಿಂದ ಅರ್ಧ ಜಾರಿದ. ಅವನ ಸೋದರಮಾವ ಸೊಂಟ ಹಿಡಿದು ನಿಲ್ಲಿಸಿದ್ದಕ್ಕೆ ಬಚಾವಾದ. ನನಗೆ ಬಾಡಿಗೆ ಬರಲಿಲ್ಲ, ಬೈಗುಳ ಬಂತು.

ಊರಲ್ಲಿ ಕಾರಣಗಳಿಗೇನು ಬರ? "ಕೊಳ್ಳಾಗಿನ ಸುಳಿ ನೋಡೋ, ಮಾಲಕನ್ನ ಕಾಡೋ ಸುಳಿ ಅದು" ಅಂದರು. ದೃಷ್ಟಿ ತಾಗಿದೆ ಅಂದರು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆವು. "ಕೊಟ್ಟಿಗ್ಯಾಗ ಆಕಳದಂಗ ನಿಂದರ್ತಾಳ, ಕೆಲಸಕ್ಕ ಕರದ್ರ ಮಾತ್ರ ಹಟ. ಮೈಗಳ್ಳಿ ಅಕಿ" ಎಂದು ನಮ್ಮ ಕಾಕಾ ತೀರ್ಪು ಕೊಟ್ಟರು. ಅವರ ಮಾತೇ ನನಗೆ ಸರಿ ಕಂಡಿತು. ಮುಳ್ಳಿನ ಕಡಿವಾಣ ತಂದು ಹಾಕಿದೆ. ಬಂಡಿ ಎಳೆಯುವ, ಭಾರ ಹೊರುವ ಪ್ರಾಣಿಗಳ 1965ರ ನಿಯಮದಲ್ಲೇ ಅದಕ್ಕೆ ನಿಷೇಧವಿದೆಯೆಂದು ನನಗೆ ಆಮೇಲೆ ಗೊತ್ತಾಯಿತು. ನಾನು ಕೊಂಡ ಅಂಗಡಿಯಲ್ಲಿ ಬಾಗಿಲಿಗೇ ತೂಗುಬಿಟ್ಟಿದ್ದರು. ಎರಡು ಮೆರವಣಿಗೆ ಸುಮ್ಮನೆ ನಡೆದಳು. ಮೂರನೆಯದರಲ್ಲಿ ಎಷ್ಟು ಎತ್ತರಕ್ಕೆ ಎದ್ದಳೆಂದರೆ ಹಿಂದಕ್ಕೆ ಬಿದ್ದೇ ಬಿಟ್ಟಳು ಅಂದುಕೊಂಡೆ. ಆ ರಾತ್ರಿ ಅವಳ ಬಾಯಿಂದ ಬಿದ್ದ ನೊರೆ ಕೆಂಪಗಿತ್ತು.

ಮಾರಿಬಿಡಬೇಕೆಂದು ಗಿರಾಕಿ ಹುಡುಕುತ್ತಿದ್ದಾಗಲೇ ಒಂದು ಮುಂಜಾನೆ ಗ್ವಾದ್ಲಿ, ಅಂದರೆ ಮೇವಿನ ತೊಟ್ಟಿ, ಬಳಿಯುವಾಗ ಕೈಗೆ ಏನೋ ಹಸಿಹಸಿ ತಾಗಿತು. ಅರ್ಧ ಅಗಿದು ಉಗುಳಿದ ಮೇವು, ಅಡಿಕೆಯಷ್ಟು ದಪ್ಪದ ಉಂಡೆಗಳು, ಏಳೆಂಟು ಇದ್ದವು. ಲದ್ದಿ ಒಡೆದು ನೋಡಿದರೆ ಕಡಲೆ ಇಡಿಯಾಗಿಯೇ ಇತ್ತು. ಎಷ್ಟು ದಿನದಿಂದ ಹೀಗಿತ್ತೋ, ನಾನು ಒಂದೇ ಸಲ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದೆ.

ಅದೇ ವಾರ ನಾಲು ಬಡಿಯಲು ಸೋಲಾಪುರದಿಂದ ನಾಲಬಂದ ಬಂದ. ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಉಂಡೆ ತೋರಿಸಿದೆ. ಅವನು ಎಡಗೈಯಲ್ಲಿ ಹಗ್ಗ ಸಡಿಲವಾಗಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅವಳ ಗಲ್ಲದ ಹೊರಗಿನಿಂದಲೇ ಹಲ್ಲಿನ ಸಾಲಿನ ಮೇಲೆ ಮೆಲ್ಲಗೆ ಒತ್ತುತ್ತ ಹೋದ. ಬಲಗಡೆ ಒತ್ತಿದಾಗ ಕಿವಿ ಮಾತ್ರ ಅಲ್ಲಾಡಿತು. ಎಡಗಡೆ ಕಣ್ಣಿನ ಕೆಳಗೆ ಬಂದಾಗ ಇಡೀ ತಲೆ ಕಿತ್ತುಕೊಂಡಳು. "ಹಟ ಅಲ್ಲಪಾ ಇದು, ಹಲ್ಲು. ಡಾಕ್ಟರ್‌ನ ಕರಿ" ಎಂದ.

ಡಾಕ್ಟರು ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆಸುವ ಕಬ್ಬಿಣದ ಚೌಕಟ್ಟು ಹಾಕಿ, ಹಣೆಗೆ ಬ್ಯಾಟರಿ ಕಟ್ಟಿಕೊಂಡು ಒಳಗೆ ನೋಡಿದರು. ನನ್ನ ಬೆರಳನ್ನೂ ಹಿಡಿದು ಮುಟ್ಟಿಸಿದರು. ಮೇಲ್ದವಡೆ ಹಲ್ಲಿನ ಹೊರ ಅಂಚು ಈಳಿಗೆಯ ಅಲಗಿನಂತಿತ್ತು. ಅದಕ್ಕೆ ತಾಗುವ ಗಲ್ಲದ ಒಳಮೈ ಸೀಳಿ ಹುಣ್ಣಾಗಿತ್ತು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2–3 ಮಿಲಿಮೀಟರಿನಷ್ಟು ಹೊರಗೆ ಬರುತ್ತಲೇ ಇರುತ್ತದಂತೆ. ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹೊಲದಲ್ಲಿ ದಿನವಿಡೀ ಹುಲ್ಲು ಮೇಯುವ ಕುದುರೆ ದವಡೆಯನ್ನು ಅಡ್ಡಕ್ಕೆ ಚೆನ್ನಾಗಿ ಆಡಿಸಿ ಅಗಿಯುತ್ತದೆ, ಹಲ್ಲು ಸಾಕಷ್ಟು ಸವೆಯುತ್ತದೆ. ನಾವು ಕಡಲೆ, ತೌಡು, ಕತ್ತರಿಸಿದ ಕಣಿಕೆ ಹಾಕುತ್ತೇವೆ. ದವಡೆ ಅಷ್ಟು ಆಡುವುದಿಲ್ಲ, ಅಂಚು ಉಳಿದು ಚೂಪಾಗುತ್ತದೆ. ಅದರ ಮೇಲೆ ನನ್ನ ಮೋತಿ, ಕನ್ನಡಿ ಕೂಡಿಸಿದ ಮುಖಪಟ್ಟಿ ಬಿಗಿದರೆ ಗಲ್ಲ ಅಲಗಿಗೇ ಒತ್ತುತ್ತದೆ. ಅದರ ಮೇಲೆ ಮುಳ್ಳಿನ ಕಡಿವಾಣ. ಕೊಟ್ಟಿಗೆಯಲ್ಲಿ ಆಕಳಂತೆ ಏಕೆ ನಿಲ್ಲುತ್ತಿದ್ದಳು, ಕೆಲಸಕ್ಕೆ ಕರೆದರೆ ಏಕೆ ಏಳುತ್ತಿದ್ದಳು ಎಂಬುದಕ್ಕೆ ಬೇರೆ ಉತ್ತರ ಬೇಕಿರಲಿಲ್ಲ. ಡಾಕ್ಟರು ಉದ್ದ ಹಿಡಿಕೆಯ ಅರದಿಂದ ಅಂಚುಗಳನ್ನು ಉಜ್ಜಿ ನಯ ಮಾಡಿದರು. ಮೂರು ವಾರ ಬಾಯಿಗೆ ಏನೂ ಹಾಕಬೇಡ ಅಂದರು.

ಮೂರು ವಾರದ ನಂತರ ಸಾದಾ ಕಡಿವಾಣ ಹಾಕಿದೆ. ತಲೆ ಎತ್ತಲಿಲ್ಲ, ಎಡಕ್ಕೆ ಸಲೀಸಾಗಿ ಹೊರಳಿದಳು. ಊರಿಗೆಲ್ಲ ಹೇಳಿಕೊಂಡು ಬಂದೆ. ಮರುದಿನ ತಂಗ ಬಿಗಿಯುವಾಗ ತೋಳಿಗೆ ಬಾಯಿ ಹಾಕಿದಳು.

ಈ ಸಲ ಸುಳಿಯ ಕಡೆ ನೋಡಲಿಲ್ಲ. ಒಂದು ವಹಿಯಲ್ಲಿ ಬರೆಯಲು ಕುಳಿತೆ: ಯಾವಾಗ, ಯಾವ ಕಡೆ, ಏನು ಮುಟ್ಟಿದಾಗ, ಹೊಟ್ಟೆ ತುಂಬಿತ್ತೋ ಇಲ್ಲವೋ. ಮೊದಲು ಬೆನ್ನಿನ ಮೇಲೆ ಅನುಮಾನ ಪಟ್ಟೆ. ಕಪ್ಪು, ಕೆಂಪು ಕುದುರೆಗಳಿಗೆ ಜೀನು ಒತ್ತಿದ ಕಡೆ ಬಿಳಿ ಕೂದಲು ಹುಟ್ಟುತ್ತದೆ, ದೂರದಿಂದಲೇ ತಿಳಿಯುತ್ತದೆ. ಬಿಳಿ ಕುದುರೆಗೆ ಅದು ಕಾಣುವುದೆಲ್ಲಿ? ಅಂಗೈ ಚಪ್ಪಟೆ ಇಟ್ಟು ಬೆನ್ನೆಲುಬಿನ ಎರಡೂ ಕಡೆ ಒತ್ತಿಕೊಂಡು ಹೋದೆ. ಮೈ ನಡುಗಿಸಲಿಲ್ಲ, ಬೆನ್ನು ತಗ್ಗಿಸಲಿಲ್ಲ. ಸವಾರಿ ಮುಗಿಸಿ ಜೀನು ತೆಗೆದಾಗ ಬೆವರಿನ ಗುರುತು ಎರಡೂ ಕಡೆ ಒಂದೇ ಸಮ ಇತ್ತು. ಒತ್ತುವ ಜಾಗ ಒಣಗಿ ಉಳಿಯುತ್ತದೆ. ಬೆನ್ನು ಸರಿ ಇತ್ತು.

ವಹಿ ಬೇರೆಯದನ್ನೇ ಹೇಳಿತು. ಮೇವು ತಿಂದ ಮುಂಜಾನೆ ಕಚ್ಚುವುದು ಕಮ್ಮಿ, ಮೆರವಣಿಗೆಯ ಸಂಜೆ ಹೆಚ್ಚು. ಮೆರವಣಿಗೆಯ ದಿನ ನಾನು ಮಧ್ಯಾಹ್ನದಿಂದ ಅವಳಿಗೆ ಏನೂ ಹಾಕುತ್ತಿರಲಿಲ್ಲ. ಬ್ಯಾಂಡಿನ ಮುಂದೆ, ಬೀಗರ ಎದುರಿಗೆ ಲದ್ದಿ ಹಾಕಿದರೆ ಚಂದ ಕಾಣುವುದಿಲ್ಲವೆಂದು! ನಮ್ಮ ಧಂದೆಯಲ್ಲಿ ಹಲವರು ಮಾಡುವುದು ಇದನ್ನೇ. ಡಾಕ್ಟರಿಗೆ ವಹಿ ತೋರಿಸಿದೆ. ಕುದುರೆಯ ಹೊಟ್ಟೆ ಮೇವು ಇರಲಿ ಬಿಡಲಿ ಆಮ್ಲ ಸುರಿಸುತ್ತಲೇ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಾಡಿದರೆ, ಕುಣಿದರೆ ಅದು ಕುಲುಕಿ ಮೇಲ್ಭಾಗಕ್ಕೆ ಚಿಮ್ಮುತ್ತದೆ, ಅಲ್ಲಿನ ಪದರಕ್ಕೆ ತಡೆಯುವ ಶಕ್ತಿಯಿಲ್ಲ, ಹುಣ್ಣಾಗುತ್ತದೆ ಎಂದರು. ಒಳಗೆ ಕ್ಯಾಮೆರಾ ಬಿಟ್ಟು ನೋಡುವ ಸಾಧನ ನಮ್ಮ ಕಡೆ ಸಿಗಲಿಲ್ಲ. ಆಮ್ಲ ತಗ್ಗಿಸುವ ಔಷಧ ಒಮೆಪ್ರಝೋಲ್ ಕೊಟ್ಟು ನೋಡೋಣ ಅಂದರು. ನೋವಿನ ಪುಡಿ ಹಾಕಲೇ ಎಂದು ಕೇಳಿದ್ದಕ್ಕೆ ಬೈದರು. ಅಂದಾಜಿನ ಮೇಲೆ ಹಾಕಿದರೆ ಹೊಟ್ಟೆಯ ಹುಣ್ಣು ಇನ್ನೂ ಕೆಡುತ್ತದಂತೆ. ಒಂದು ತಿಂಗಳು ಔಷಧ, ದಿನವಿಡೀ ಸ್ವಲ್ಪ ಸ್ವಲ್ಪ ಒಣ ಮೇವು, ಮೆರವಣಿಗೆಗೆ ಹೊರಡುವ ಮೊದಲು ಒಂದು ಸಿವುಡು ಕುದುರೆ ಮೆಂತೆ. ಕಚ್ಚುವುದು ನಿಂತಿತು. ಹೋದ ವೈಶಾಖದಲ್ಲಿ ಕಲ್ಯಾಣ ಮಂಟಪದ ಬಾಗಿಲಲ್ಲೇ ಲದ್ದಿ ಹಾಕಿದಳು. ಹೆಣ್ಣಿನ ಅಜ್ಜಿ "ಶುಭ ಆತು ತಗೋ" ಅಂದಳು.

ಈ ನಡುವೆ ಕುದುರೆಯ ಮುಖ ನೋಡಿ ನೋವನ್ನು ಗುರುತಿಸುವ ಪಟ್ಟಿಯೊಂದರ ಬಗ್ಗೆ ಡಾಕ್ಟರು ಹೇಳಿದರು. ಯುರೋಪಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದು. ಆರು ಗುರುತು: ಬಿಗಿದು ಹಿಂದಕ್ಕೆ ತಿರುಗಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲೆ ಎದ್ದು ಕಾಣುವ ಎಲುಬು, ಗಟ್ಟಿಯಾದ ದವಡೆಯ ಸ್ನಾಯು, ಬಿಗಿದ ತುಟಿ ಮತ್ತು ಗದ್ದ, ಸೆಟೆದ ಮೂಗಿನ ಹೊಳ್ಳೆ. ನನಗೆ ಆ ಜಾರಿದ ಮದುಮಗನ ಲಗ್ನದ ವಿಡಿಯೋ ನೆನಪಾಯಿತು, ಫೋನಿನಲ್ಲಿ ಇತ್ತು. ಲೈಟಿನ ಬೆಳಕಿನಲ್ಲಿ ಅವಳ ಮುಖ ಪರದೆ ತುಂಬ ಬರುವ ಕಡೆ ನಿಲ್ಲಿಸಿ ಎಣಿಸಿದೆ. ಐದು ಸಿಕ್ಕವು. ಅದೇ ವಿಡಿಯೋವನ್ನು "ನೋಡ್ರಿ ಇದರ ಸೊಕ್ಕು" ಎಂದು ನಾನೇ ಹತ್ತು ಜನಕ್ಕೆ ಕಳಿಸಿದ್ದೆ.

ಈಗಲೂ ಎಡಗಡೆಯಿಂದ ಗಲ್ಲದ ಹತ್ತಿರ ಕೈ ಒಯ್ದರೆ ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತಾಳೆ. ಬಲಗಡೆಯಿಂದ ಬೆಲ್ಲ ಕೊಟ್ಟು ಕಡಿವಾಣ ಹಾಕುವುದು ರೂಢಿಯಾಗಿದೆ. ತುಳಸಿ ಲಗ್ನ ಆಗಿ ಸೀಜನ್ ಶುರುವಾಗುವ ಮೊದಲು ವರ್ಷಕ್ಕೊಮ್ಮೆ ಹಲ್ಲು ತೋರಿಸುತ್ತೇನೆ. ಈ ವರ್ಷ ಇನ್ನೂ ಎರಡು ತಿಂಗಳಿದೆ ಅಂದುಕೊಂಡಿದ್ದೆ. ನಿನ್ನೆ ಗ್ವಾದ್ಲಿ ಬಳಿದಾಗ ಎರಡು ಉಂಡೆ ಸಿಕ್ಕವು. ಡಾಕ್ಟರಿಗೆ ಫೋನ್ ಹಚ್ಚಿದ್ದೇನೆ, ಗುರುವಾರ ಬರುತ್ತಾರಂತೆ.