ವಾರಿಯರ್ಸ್ ಸೀಸನ್ ನೋಡುತ್ತಾ ನಾನು ತುಂಬಿಸಿದ ನೋಟ್‌ಬುಕ್

2015-16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಾಲಿ ಚಾಂಪಿಯನ್. ಆ ಸೀಸನ್ನನ್ನು ನಾನು ಬೆಂಗಳೂರಿನಲ್ಲಿ ಕೂತು ಪೆನ್ನು ಹಿಡಿದುಕೊಂಡೇ ನೋಡಿದೆ. ಸಂಜೆ ಹುಡುಗರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವನಿಗೆ ಬೆಳಿಗ್ಗೆ ಬಿಡುವು. ವಾರಿಯರ್ಸ್ ಆಗ ಆಡುತ್ತಿದ್ದ ಓಕ್‌ಲ್ಯಾಂಡಿನ ರಾತ್ರಿ ಪಂದ್ಯ ನಮ್ಮಲ್ಲಿ ತಿಂಡಿ ಹೊತ್ತಿಗೆ.

ಸ್ಕೋರ್ ಬರೆಯುವ ಗೋಜಿಗೆ ಹೋಗಲಿಲ್ಲ, ಅದು ಎಲ್ಲಿ ಬೇಕಾದರೂ ಸಿಗುತ್ತೆ. ಹಾಳೆಯಲ್ಲಿ ಅರ್ಧ ಕೋರ್ಟಿನ ಗೆರೆ ಎಳೆದುಕೊಂಡು, ವಾರಿಯರ್ಸ್‌ನ ಸ್ಟೆಫ್ ಕರಿ ಕೈಯಲ್ಲಿ ಚೆಂಡಿದ್ದಾಗ ಸ್ಕ್ರೀನ್ ಕೊಡಲು, ಅಂದರೆ ಅವನನ್ನು ಕಾಯುವವನ ದಾರಿಗೆ ಅಡ್ಡ ನಿಲ್ಲಲು, ಯಾರು ಬಂದರು, ಎದುರಾಳಿಗಳಲ್ಲಿ ಯಾರು ಯಾರನ್ನು ಹಿಡಿದರು, ಇಷ್ಟೇ ಗುರುತು ಮಾಡುತ್ತಿದ್ದೆ.

ಸ್ವಲ್ಪ ದಿನಕ್ಕೇ ಪುಟಪುಟದಲ್ಲೂ ಒಂದೇ ಚಿತ್ರ. ಕರಿಯ ಜೊತೆಯಾಟಗಾರ ಡ್ರೇಮಂಡ್ ಗ್ರೀನ್ ಬಂದು ಸ್ಕ್ರೀನ್ ಹಾಕುತ್ತಾನೆ. ಕರಿ ತ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಬುಟ್ಟಿ) ಹೊಡೆದುಬಿಟ್ಟಾನೆಂದು ಇಬ್ಬರು ಡಿಫೆಂಡರ್‌ಗಳು ಅವನ ಮೇಲೆ ಬೀಳುತ್ತಾರೆ. ಅಷ್ಟರಲ್ಲಿ ಚೆಂಡು ಫ್ರೀ ಥ್ರೋ ಗೆರೆ ಹತ್ತಿರ ಗ್ರೀನ್ ಕೈ ಸೇರಿರುತ್ತೆ. ಇನ್ನು ವಾರಿಯರ್ಸ್‌ನ ನಾಲ್ವರಿಗೆ ಎದುರಾಳಿಗಳು ಮೂವರು. ಬುಟ್ಟಿ ಕೆಳಗಿನವನು ಮುಂದೆ ಬಂದರೆ ಅವನ ಬೆನ್ನ ಹಿಂದಕ್ಕೆ ಪಾಸು, ಮೂಲೆಯವನು ಒಳಗೆ ಬಂದರೆ ಮೂಲೆಯಿಂದ ತ್ರೀ, ಯಾರೂ ಬರದಿದ್ದರೆ ಬುಟ್ಟಿ ಹತ್ತಿರ ಹೋಗಿ ಹಾಕುವ ಲೇಅಪ್ ಗ್ರೀನ್‌ಗೇ.

ಸೀಸನ್ ಮೊದಲ 24 ಪಂದ್ಯಗಳಲ್ಲಿ ಸೋಲೇ ಇಲ್ಲ. ಅದೂ ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಕೋಚ್ ಸ್ಟೀವ್ ಕರ್ ಹೊರಗಿದ್ದಾಗ, ಲ್ಯೂಕ್ ವಾಲ್ಟನ್ ಉಸ್ತುವಾರಿಯಲ್ಲಿ. ಕೊನೆಗೆ 73 ಗೆಲುವು, 9 ಸೋಲು. ಮುರಿದದ್ದು ಶಿಕಾಗೊ ಬುಲ್ಸ್‌ನ 72-10 ದಾಖಲೆ, ಆ ತಂಡದಲ್ಲಿ ಆಡಿದ್ದವರಲ್ಲಿ ಕರ್ ಕೂಡ ಒಬ್ಬರು. ಎಲ್ಲರ ಬಾಯಲ್ಲೂ ಕರಿಯ 402 ತ್ರೀಗಳ ಮಾತೇ. ನನಗೆ ಕಂಡದ್ದು, ಹೊಡೆದ ತ್ರೀಗಳಷ್ಟೇ ದುಡಿದದ್ದು ಅವನು ಹೊಡೆದಾನೆಂಬ ಹೆದರಿಕೆ.

ಲೀಗ್ ಹಂತ ಮುಗಿದ ಮೇಲಿನ ಪ್ಲೇಆಫ್‌ನಲ್ಲಿ ಚಿತ್ರ ಬದಲಾಯಿತು. ಮೊದಲು ಒಕ್ಲಹೋಮ, ಆಮೇಲೆ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಕರಿ ಮೇಲೆ ಇಬ್ಬರನ್ನು ಬಿಡುವ ಬದಲು ಸ್ವಿಚ್ ಮಾಡತೊಡಗಿದವು, ಅಂದರೆ ಸ್ಕ್ರೀನ್ ಬಿದ್ದೊಡನೆ ಇಬ್ಬರು ಡಿಫೆಂಡರ್‌ಗಳು ತಾವು ಹಿಡಿದವರನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಸ್ವಿಚ್ ಆದರೆ ಯಾರೂ ಖಾಲಿ ಸಿಗುವುದಿಲ್ಲ, ನಾಲ್ವರಿಗೆ ಮೂವರ ಲೆಕ್ಕವೇ ಮಾಯ. ಏಳು ಪಂದ್ಯಗಳ ಫೈನಲ್‌ನಲ್ಲಿ ವಾರಿಯರ್ಸ್ 3-1 ಮುಂದಿದ್ದು ಸೋತದ್ದಕ್ಕೆ ಐದನೇ ಪಂದ್ಯಕ್ಕೆ ಗ್ರೀನ್‌ಗೆ ಬಿದ್ದ ನಿಷೇಧ, ವಾರಿಯರ್ಸ್‌ನ ಸೆಂಟರ್ ಆಟಗಾರ ಬೋಗಟ್ ಮೊಣಕಾಲಿನ ಪೆಟ್ಟು ಎಲ್ಲವೂ ಕಾರಣ, ಒಪ್ಪುತ್ತೇನೆ. ದಾಖಲೆ ಬೆನ್ನುಹತ್ತಿ ಸುಸ್ತಾದರು ಎಂಬ ಮಾತನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ. ಏಳನೇ ಪಂದ್ಯ 89-89ರಲ್ಲಿ ನಿಂತ ಮೇಲೆ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಕಾಲ ವಾರಿಯರ್ಸ್‌ಗೆ ಒಂದು ಪಾಯಿಂಟೂ ಬರಲಿಲ್ಲ. ಕೊನೆಯ ನಿಮಿಷದಲ್ಲಿ ಸ್ವಿಚ್ ಆಗಿ ಕರಿ ಎದುರು ನಿಂತವನು ಕ್ಲೀವ್‌ಲ್ಯಾಂಡಿನ ಕೆವಿನ್ ಲವ್, ಎತ್ತರದ ಆಳು, ಕಾಲು ನಿಧಾನ. ಕರಿ ಎಷ್ಟು ಆಡಿಸಿದರೂ ಲವ್ ಬಿಟ್ಟುಕೊಡಲಿಲ್ಲ. ತ್ರೀ ತಪ್ಪಿತು. 93-89.

ನಮ್ಮ ಹುಡುಗರಿಗೆ ನಾಲ್ವರಿಗೆ ಮೂವರ ಡ್ರಿಲ್ ಮಾಡಿಸುತ್ತಿದ್ದೆ. ಆಮೇಲೆ ಅದಕ್ಕೆ ಇನ್ನೊಂದು ಭಾಗ ಸೇರಿಸಿದೆ. ಸ್ವಿಚ್ ಆಗಿ ಉದ್ದದವನು ಎದುರಿಗೆ ಬಂದರೆ ಚೆಂಡು ಕುಟ್ಟುತ್ತಾ ನಿಲ್ಲುವಂತಿಲ್ಲ. ತಕ್ಷಣ ಒಳಗೆ ನುಗ್ಗಬೇಕು, ಇಲ್ಲವೇ ಚೆಂಡು ಕೊಟ್ಟು ಇನ್ನೊಂದು ಸ್ಕ್ರೀನ್ ಕಡೆಗೆ ಓಡಬೇಕು. ನುಗ್ಗು ಅಂದರೆ ಎಲ್ಲರೂ ರೆಡಿ. ಚೆಂಡು ಕೊಟ್ಟು ಓಡುವುದಕ್ಕೆ ಮಾತ್ರ ಇವತ್ತಿಗೂ ಗಂಟಲು ಹರಿಯುವಂತೆ ಕೂಗಬೇಕು.