ಇಂಟರ್ನ್‌ಶಿಪ್ ಹುಡುಕುತ್ತಿದ್ದೀರಾ? ಇಲ್ಲೇ ನೋಡಿ

ಇಂಟರ್ನ್‌ಶಿಪ್ ಅಂದರೆ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಕಲಬುರಗಿಯಲ್ಲೇ ರಂಗಾಯಣ ಅನ್ನೋ ಸರ್ಕಾರಿ ನಾಟಕ ಸಂಸ್ಥೆ ಇದೆ, ಹವ್ಯಾಸಿ ನಾಟಕ ತಂಡಗಳಿವೆ, ಬೀದರ್‌ನಲ್ಲಿ ಬಿದರಿ ಲೋಹಕಲೆಯ ಕುಶಲಕರ್ಮಿಗಳಿದ್ದಾರೆ. ಸುಮ್ನೆ ‘ಏನಾದರೂ ಕೆಲಸ ಕೊಡಿ ಸರ್’ ಅಂತ ಹೋಗಬೇಡಿ. ಮೊದಲು ಅವರ ಕೆಲಸ ನೋಡಿ, ಆಮೇಲೆ ನಿಮಗೆ ಬರುವುದನ್ನು ಹೇಳಿ. ಬಿದರಿಯನ್ನೇ ತಗೊಳ್ಳಿ, ಸತು ತಾಮ್ರದ ಎರಕದಿಂದ ಹಿಡಿದು ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಮಾಡುವವರೆಗೆ ಒಂದೊಂದು ಹಂತವನ್ನೂ ಅವರನ್ನು ಕೇಳಿಯೇ ಫೋಟೋ ತೆಗೆದು ಕನ್ನಡದಲ್ಲಿ ಬರೆದುಕೊಟ್ಟರೆ ಅವರಿಗೂ ಅನುಕೂಲ, ನಿಮ್ಮ ರಿಪೋರ್ಟಿಗೂ ಆಯಿತು ಅಲ್ವಾ? ಎಷ್ಟು ವಾರ, ಬಸ್ ಖರ್ಚು ಯಾರದು, ಸರ್ಟಿಫಿಕೇಟ್‌ಗೆ ಯಾರು ಸಹಿ ಹಾಕುತ್ತಾರೆ, ಇಷ್ಟನ್ನು ಸೇರುವ ಮುಂಚೆಯೇ ಬರೆಸಿಕೊಳ್ಳಿ. ನಾನು ಬಾಯಿಮಾತು ನಂಬಿ ಒಂದು ಸಹಿಗಾಗಿ ತಿಂಗಳುಗಟ್ಟಲೆ ಅಲೆದಿದ್ದೇನೆ.